ಸೈಕಲ್ ಪ್ರಶ್ನೋತ್ತರ: ಬ್ರೇಕ್ ಹಿಡಿದರೆ ಬೀದಿಯೆಲ್ಲ ಎಚ್ಚರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ರೇಕಿನವೇ. ಮಳೆ ಶುರುವಾಯಿತಲ್ಲ, ಅದಕ್ಕೇ ಇರಬೇಕು. ಡಿಸ್ಕ್ ಬ್ರೇಕಿನ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು, ರಿಮ್ಮನ್ನು ರಬ್ಬರ್ ಹಿಡಿದು ನಿಲ್ಲಿಸುವ ಬ್ರೇಕಿನವನ್ನಷ್ಟೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ನನ್ನದು ವಿ-ಬ್ರೇಕ್ (ಚಕ್ರದ ಎರಡೂ ಬದಿಯ ತೋಳುಗಳಲ್ಲಿರುವ ರಬ್ಬರ್ ಪ್ಯಾಡ್ ರಿಮ್ಮನ್ನು ಹಿಡಿಯುವ ಬ್ರೇಕ್) ಇರುವ ಹೈಬ್ರಿಡ್ ಸೈಕಲ್. ಹಳೇ ಪ್ಯಾಡ್ ಸವೆದಿದ್ದಕ್ಕೆ ಹೊಸದು ಹಾಕಿಸಿದೆ. ಅವತ್ತಿನಿಂದ ಮುಂದಿನ ಬ್ರೇಕ್ ಹಿಡಿದರೆ ಬೀದಿನಾಯಿಗಳೆಲ್ಲ ಎದ್ದು ನಿಲ್ಲುವ ಹಾಗೆ ಕಿರುಚುತ್ತದೆ. ಅಂಗಡಿಯವರು ‘ಸೆಟ್ ಆಗೋವರೆಗೂ ಹಾಗೇ’ ಅಂದರು. ಎರಡು ತಿಂಗಳಾಯಿತು. ಇನ್ನೂ ದುಬಾರಿ ಪ್ಯಾಡ್ ತಗೊಳ್ಳಬೇಕಾ? (ಶಿರಸಿಯ ಓದುಗರು)

ಉತ್ತರ: ಬೇಡ. ಮೊದಲು ಮೆಡಿಕಲ್ ಶಾಪಿಗೆ ಹೋಗಿ ಒಂದು ಬಾಟಲಿ ಸರ್ಜಿಕಲ್ ಸ್ಪಿರಿಟ್ ತನ್ನಿ. ಬಿಳಿ ಬಟ್ಟೆಗೆ ಹಾಕಿಕೊಂಡು ರಿಮ್ಮಿನ ಎರಡೂ ಬದಿ ಒರೆಸಿ, ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಒರೆಸಿ. ಚೈನಿಗೆ ಹೊಡೆಯುವ ಸ್ಪ್ರೇ ಎಣ್ಣೆ ಒಂದು ಹನಿ ಹಾರಿ ರಿಮ್ ಮೇಲೆ ಕೂತರೂ ಸಾಕು, ಬ್ರೇಕ್ ಹಾಡಲು ಶುರು ಮಾಡುತ್ತದೆ, ಜೊತೆಗೆ ಹಿಡಿತವೂ ಹೋಗುತ್ತದೆ. ಆಮೇಲೆ ಪ್ಯಾಡ್ ಬಿಚ್ಚಿ ಮುಖ ನೋಡಿ. ಗಾಜಿನ ಹಾಗೆ ಮಿಂಚುತ್ತಿದ್ದರೆ ಮರಳುಕಾಗದದಲ್ಲಿ ನಾಲ್ಕು ಸಲ ಉಜ್ಜಿ. ಪ್ಯಾಡ್ ಒಳಗೆ ಬೆಳ್ಳಿ ಚೂರಿನಂತೆ ಏನಾದರೂ ಹೊಳೆದರೆ ಅದು ನಿಮ್ಮ ರಿಮ್ಮಿನದೇ ಅಲ್ಯೂಮಿನಿಯಂ. ಸೂಜಿಯಲ್ಲಿ ಚುಚ್ಚಿ ತೆಗೆಯಿರಿ, ಬಿಟ್ಟರೆ ಅದು ರಿಮ್ಮನ್ನೇ ಕೆರೆಯುತ್ತದೆ.

ಇಷ್ಟಾದ ಮೇಲೂ ಕಿರುಚಿದರೆ ಪ್ಯಾಡಿನ ಕೋನ ಸರಿ ಇಲ್ಲ ಎಂದೇ ಅರ್ಥ, ನನ್ನ ಅನುಭವದಲ್ಲಿ ಹೊಸ ಪ್ಯಾಡ್ ಹಾಕಿದ ಮರುದಿನದ ಕಿರುಚಾಟ ಹೆಚ್ಚಾಗಿ ಇದೇ ಆಗಿರುತ್ತದೆ. ಬ್ರೇಕ್ ಹಿಡಿದಾಗ ರಿಮ್ ಪ್ಯಾಡನ್ನು ಮುಂದಕ್ಕೆ ಎಳೆಯುತ್ತದೆ. ಆ ಎಳೆತಕ್ಕೆ ಬ್ರೇಕಿನ ತೋಳು ಸ್ವಲ್ಪ ತಿರುಚಿಕೊಳ್ಳುತ್ತದೆ, ಹಿಡಿತ ತಪ್ಪಿದ ಕೂಡಲೇ ವಾಪಸ್ ಬರುತ್ತದೆ, ಮತ್ತೆ ಹಿಡಿಯುತ್ತದೆ. ಒಂದು ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಹಿಡಿ-ಬಿಡು ಆಟವೇ ನಿಮಗೆ ಕೇಳಿಸುವ ಸದ್ದು. ಅದಕ್ಕೆ ಪ್ಯಾಡಿನ ಮುಂದಿನ ತುದಿ, ಅಂದರೆ ಸೈಕಲ್ ಹೋಗುವ ದಿಕ್ಕಿನ ತುದಿ, ರಿಮ್ಮಿಗೆ ಮೊದಲು ತಾಗಬೇಕು. ಹಿಂದಿನ ತುದಿಯಲ್ಲಿ ಸುಮಾರು 1 ಮಿ.ಮೀ. ಸಂದು ಇರಬೇಕು. ಗಟ್ಟಿ ಹಿಡಿದಾಗ ತೋಳು ತಿರುಚಿಕೊಂಡು ಇಡೀ ಪ್ಯಾಡ್ ಸಮನಾಗಿ ಕೂರುತ್ತದೆ.

ಮಾಡುವುದು ಸುಲಭ. ಮನೆಯಲ್ಲಿ ಹಳೇ ಮದುವೆ ಕಾಗದ ಬಿದ್ದಿರುತ್ತದಲ್ವಾ, ಅದರದ್ದೊಂದು ತುಂಡನ್ನು 1 ಮಿ.ಮೀ. ದಪ್ಪ ಬರುವಂತೆ ಮಡಚಿ. ಪ್ಯಾಡಿನ ನಟ್ಟನ್ನು 5 ಮಿ.ಮೀ. ಅಲೆನ್ ಕೀಲಿಯಿಂದ ಸಡಿಲಿಸಿ, ಮಡಚಿದ್ದನ್ನು ಪ್ಯಾಡಿನ ಹಿಂದಿನ ತುದಿ ಮತ್ತು ರಿಮ್ ನಡುವೆ ಸಿಕ್ಕಿಸಿ, ಲಿವರ್ ಅದುಮಿ ಹಿಡಿದು ಹಾಗೇ ನಟ್ ಬಿಗಿ ಮಾಡಿ. ಬಿಗಿಯುವಾಗ ಪ್ಯಾಡ್ ತಾನೂ ತಿರುಗಲು ನೋಡುತ್ತದೆ, ಇನ್ನೊಂದು ಕೈಯಲ್ಲಿ ಅದನ್ನು ಹಿಡಿದುಕೊಳ್ಳಿ, ಇಲ್ಲದಿದ್ದರೆ ಮಾಡಿದ್ದೆಲ್ಲ ಸುಮ್ನೆ. ಸಂದು ತೀರಾ ಜಾಸ್ತಿ ಕೊಟ್ಟರೆ ಸದ್ದು ನಿಲ್ಲುತ್ತದೆ, ಆದರೆ ಲಿವರ್ ಸ್ಪಂಜಿನ ಹಾಗೆ ಮೆತ್ತಗಾಗುತ್ತದೆ.

ಒಂದು ಮಾತು: ತೋಳನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತಿದ್ದರೆ ಅದರ ಬುಡವೇ ಸವೆದಿದೆ. ಆಗ ಮದುವೆ ಕಾಗದವೂ ಕೆಲಸಕ್ಕೆ ಬರುವುದಿಲ್ಲ, ಬ್ರೇಕ್ ಸೆಟ್ಟನ್ನೇ ಬದಲಿಸಬೇಕು.

ಪ್ರಶ್ನೆ: ವಿ-ಬ್ರೇಕ್ ಪ್ಯಾಡ್ ಜೊತೆ ಬಟ್ಟಲಿನಂಥ ವಾಷರುಗಳು ಬಂದಿವೆ, ಕೆಲವು ದಪ್ಪ, ಕೆಲವು ತೆಳು. ಯಾವುದು ಎಲ್ಲಿಗೆ? ಪ್ಯಾಡ್ ರಿಮ್ಮಿನ ಎಷ್ಟು ಮೇಲೆ ಇರಬೇಕು? (ಹಾಸನದ ಓದುಗರು)

ಉತ್ತರ: ಬ್ರೇಕ್ ಹಿಡಿದಾಗ ಎರಡು ತೋಳುಗಳೂ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಬೇಕು, ಗುರಿ ಅಷ್ಟೇ. ತೋಳುಗಳು ಒಳಗೆ ವಾಲಿದರೆ ಪ್ಯಾಡ್ ಮತ್ತು ತೋಳಿನ ನಡುವೆ ದಪ್ಪ ವಾಷರ್, ಹೊರಗೆ ವಾಲಿದರೆ ತೆಳು ವಾಷರ್. ಉಳಿದದ್ದು ನಟ್ಟಿನ ಕಡೆಗೆ. ಪ್ಯಾಡ್ ಯಾವ ಕಾರಣಕ್ಕೂ ಟೈರನ್ನು ಮುಟ್ಟಬಾರದು. ಸ್ವಲ್ಪ ಮುಟ್ಟಿದರೂ ಟೈರಿನ ಬದಿ ಸೀಳಿ ಟ್ಯೂಬ್ ಢಮಾರ್. ಹಾಗಂತ ತೀರಾ ಕೆಳಗೂ ಇಡಬೇಡಿ. ವಿ-ಬ್ರೇಕಿನಲ್ಲಿ ಪ್ಯಾಡ್ ಸವೆದ ಹಾಗೆ ತೋಳು ಒಳಗೆ ಬಾಗುತ್ತದೆ, ಪ್ಯಾಡ್ ಕೆಳಕ್ಕೆ ಇಳಿಯುತ್ತದೆ. ರಿಮ್ಮಿನ ಅಂಚಿನಿಂದ ಕೆಳಗೆ ಜಾರಿದರೆ ಕಡ್ಡಿಗೆ ಸಿಕ್ಕಿಕೊಳ್ಳುವುದೊಂದೇ ಬಾಕಿ. ಅದಕ್ಕೇ ಹೊಸದಾಗಿ ಹಾಕುವಾಗ ಟೈರಿಗೆ ತಾಗದ ಹಾಗೆ, ಆದರೆ ರಿಮ್ಮಿನ ಮೇಲಂಚಿಗೆ ಹತ್ತಿರವಾಗಿ ಇಡಿ. ಬ್ರೇಕ್ ಬಿಟ್ಟಾಗ ಎರಡೂ ಕಡೆ ಪ್ಯಾಡಿಗೂ ರಿಮ್ಮಿಗೂ ನಡುವೆ ಒಂದು ಮಿ.ಮೀ. ಅಷ್ಟು ಬಿಡುವಿರಲಿ. ಚಕ್ರ ಬೆಂಡಾಗಿದ್ದರೆ ಮೊದಲು ಬೆಂಡು ತೆಗೆಸಿ, ಓಲಾಡುವ ರಿಮ್ಮಿಗೆ ಯಾರಿಗೂ ಬ್ರೇಕ್ ಸೆಟ್ ಮಾಡಲಾಗುವುದಿಲ್ಲ.

ಪ್ರಶ್ನೆ: ಅಂಕಲ್, ನಾನು ಪಿಯುಸಿ ಓದುತ್ತಿದ್ದೇನೆ. ಗೆಳೆಯರ ಜೊತೆ ಆಗುಂಬೆ ಘಾಟಿ ಇಳಿಯುವ ಪ್ಲಾನ್ ಇದೆ. ಮಳೆಗೆ ಯಾವ ಪ್ಯಾಡ್ ಒಳ್ಳೆಯದು? (ಕೊಪ್ಪದ ಓದುಗ)

ಉತ್ತರ: ಮಳೆಗಾಲದಲ್ಲೇ ಇಳಿಯಬೇಕಾ ಅಂತ ಮೊದಲು ಮನೆಯಲ್ಲಿ ಕೇಳು ಮರಿ. ಹದಿನಾಲ್ಕು ಹೇರ್‌ಪಿನ್ ತಿರುವು, ಎದುರಿಗೆ ಬಸ್ಸು, ಮೇಲೆ ಮಂಜು. ಹೋಗುವುದೇ ಆದರೆ ಅಲ್ಯೂಮಿನಿಯಂ ರಿಮ್ಮಿಗೆ ಕೂಲ್-ಸ್ಟಾಪ್‌ನ ಸಾಲ್ಮನ್ ಬಣ್ಣದ ಪ್ಯಾಡ್ ನೋಡು. ಇಟ್ಟಿಗೆಗೆ ಗುಲಾಬಿ ಬೆರೆಸಿದಂತಿರುತ್ತದೆ. ಒದ್ದೆಯಲ್ಲಿ ಮಾಮೂಲಿ ಕಪ್ಪು ರಬ್ಬರಿಗಿಂತ ಚೆನ್ನಾಗಿ ಹಿಡಿಯುತ್ತದೆ, ರಿಮ್ಮನ್ನೂ ಕಡಿಮೆ ತಿನ್ನುತ್ತದೆ. ಆನ್‌ಲೈನ್‌ನಲ್ಲೇ ಹುಡುಕಬೇಕಾದೀತು.

ಆದರೆ ಯಾವ ಪ್ಯಾಡ್ ಆದರೂ ಒದ್ದೆ ರಿಮ್ ಕೂಡಲೇ ಹಿಡಿಯುವುದಿಲ್ಲ. ಚಕ್ರದ ಮೊದಲ ಒಂದೆರಡು ಸುತ್ತು ನೀರು ಒರೆಸುವುದಕ್ಕೇ ಹೋಗುತ್ತದೆ, ಆಮೇಲೆ ಒಮ್ಮೆಗೇ ಕಚ್ಚುತ್ತದೆ. ಗಾಬರಿಯಲ್ಲಿ ಮೊದಲೇ ಪೂರ್ತಿ ಅದುಮಿದವನು ಬೀಳುವುದು ಇಲ್ಲೇ. ತಿರುವಿಗೆ ಬಹಳ ಮುಂಚೆಯೇ ಮೆಲ್ಲಗೆ ಮುಟ್ಟಿ ರಿಮ್ ಒರೆಸಿಕೋ, ನೇರ ದಾರಿಯಲ್ಲೇ ವೇಗ ಇಳಿಸು, ತಿರುವಿನೊಳಗೆ ಹಿಡಿಯಬೇಡ. ಕೆಳಗೆ ಸೋಮೇಶ್ವರಕ್ಕೆ ಬಂದ ಮೇಲೆ ಪ್ಯಾಡಿಗೆ ಕೂತ ಮಣ್ಣು, ಕಲ್ಲಿನ ಚೂರು ತೆಗೆ.

ಪ್ರಶ್ನೆ: ಕಾರ್ಟ್ರಿಜ್ ಪ್ಯಾಡ್ ಅಂತ ದುಬಾರಿಯದ್ದು ತೋರಿಸುತ್ತಾರೆ. ಬೇಕಾ? (ತುಮಕೂರಿನ ಓದುಗರು)

ಉತ್ತರ: ದಿನಾ ಓಡಿಸುವವರಿಗೆ ಖಂಡಿತ ಬೇಕು. ರಬ್ಬರನ್ನು ಹಿಡಿದಿಡುವ ಲೋಹದ ಶೂ ಒಮ್ಮೆ ಸರಿಯಾಗಿ ಕೂರಿಸಿದರೆ ಆಯಿತು, ಮುಂದೆ ರಬ್ಬರ್ ಮಾತ್ರ ಜಾರಿಸಿ ಬದಲಿಸುತ್ತೀರಿ, ಕೋನ ಮತ್ತೆ ಹೊಂದಿಸುವ ತಲೆನೋವು ಬಹುಮಟ್ಟಿಗೆ ಇಲ್ಲ. ಶೂನ ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದು ತೆರೆದಿರುತ್ತದೆ. ಮುಚ್ಚಿದ ತುದಿ ಯಾವಾಗಲೂ ಮುಂದಕ್ಕೆ. ನಾನು ಇದನ್ನು ಕಲಿತದ್ದು ನಂದಿಬೆಟ್ಟ ಇಳಿಯುವಾಗ. ಹಿಂದಿನ ರಾತ್ರಿ ಅರೆನಿದ್ದೆಯಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ದೆ, ತೆರೆದ ತುದಿ ಮುಂದಕ್ಕಾಗಿತ್ತು, ರಬ್ಬರ್ ಹಿಡಿಯುವ ಚಿಕ್ಕ ಸ್ಕ್ರೂ ಬಿಗಿಯುವುದನ್ನೂ ಮರೆತಿದ್ದೆ. ಮೂರನೇ ತಿರುವಿನಲ್ಲಿ ಮುಂದಿನ ರಬ್ಬರ್ ಜಾರಿ ಎಲ್ಲೋ ಹಾರಿ ಹೋಯಿತು. ಹಿಂದಿನ ಬ್ರೇಕಿನಿಂದ ಹೇಗೋ ನಿಂತೆ, ಉಳಿದ ದಾರಿ ಸೈಕಲ್ ತಳ್ಳಿಕೊಂಡು ಬಂದೆ, ಕಡಲೆಕಾಯಿ ಮಾರುವ ಅಜ್ಜಿ ಕೂಡ ನಕ್ಕರು.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರ್ಬನ್ ಚಕ್ರ ತಗೊಂಡೆ. ಹಳೇ ಪ್ಯಾಡೇ ನಡೆಯುತ್ತದಾ? (ಬೆಂಗಳೂರಿನ ಓದುಗರು)

ಉತ್ತರ: ನಡೆಯುವುದಿಲ್ಲ. ಕಾರ್ಬನ್ ರಿಮ್ಮಿಗೆ ಅದರದ್ದೇ ಪ್ಯಾಡ್ ಬೇಕು, ರಿಮ್ ಮಾಡಿದವರು ಹೇಳಿದ್ದೇ ಹಾಕಿ. ಹಳೇ ಪ್ಯಾಡಿನಲ್ಲಿ ಸಿಕ್ಕಿಕೊಂಡ ಅಲ್ಯೂಮಿನಿಯಂ ಚೂರು ಕಾರ್ಬನ್ನನ್ನು ಗೀರಿ ಹಾಕುತ್ತದೆ. ಉದ್ದ ಇಳಿಜಾರಿನಲ್ಲಿ ಒಂದೇ ಸಮ ಬ್ರೇಕ್ ಹಿಡಿದುಕೊಂಡೇ ಬರಬೇಡಿ, ಬಿಸಿಗೆ ರಿಮ್ ಹಾಳಾಗುತ್ತದೆ.

ಪ್ರಶ್ನೆ: ತಾತನ ಕಾಲದ ರಾಡ್ ಬ್ರೇಕ್ (ಕೇಬಲ್ ಬದಲು ಸಲಾಕೆಗಳಿಂದ ಎಳೆಯುವ ಬ್ರೇಕ್) ಸೈಕಲ್ಲನ್ನು ರಿಪೇರಿ ಮಾಡಿಸಿ ಓಡಿಸುತ್ತಿದ್ದೇನೆ. ಬಿಸಿಲಿನಲ್ಲಿ ಪರವಾಗಿಲ್ಲ, ಮಳೆಯಲ್ಲಿ ಬ್ರೇಕೇ ಇಲ್ಲ. (ಧಾರವಾಡದ ಓದುಗರು)

ಉತ್ತರ: ನಿಮ್ಮ ತಪ್ಪೂ ಅಲ್ಲ, ಮೆಕ್ಯಾನಿಕ್ಕಿನ ತಪ್ಪೂ ಅಲ್ಲ. ಕ್ರೋಮ್ ಹೊಳಪಿನ ಸ್ಟೀಲ್ ರಿಮ್ ಒದ್ದೆಯಾದರೆ ರಬ್ಬರಿಗೆ ಹಿಡಿತವೇ ಸಿಗುವುದಿಲ್ಲ. ಹಿಂದೆ ಇದಕ್ಕೆಂದೇ ಮುಖಕ್ಕೆ ಚರ್ಮ ಅಂಟಿಸಿದ ಬ್ರೇಕ್ ಶೂಗಳು ಬರುತ್ತಿದ್ದವು. ನಿಮ್ಮ ಬ್ರೇಕ್ ರಿಮ್ಮನ್ನು ಬದಿಯಿಂದ ಹಿಡಿಯುವುದಿಲ್ಲ, ಒಳಮುಖಕ್ಕೆ, ಕಡ್ಡಿಗಳ ಕಡೆಯಿಂದ ಮೇಲಕ್ಕೆ ಎಳೆದು ಒತ್ತುತ್ತದೆ. ಹಾಗಾಗಿ ಮೇಲೆ ಹೇಳಿದ ಮದುವೆ ಕಾಗದದ ಉಪಾಯ ನಿಮಗಲ್ಲ. ರಬ್ಬರ್ ಹಳೆಯದಾಗಿ ಕಲ್ಲಾಗಿದ್ದರೆ ಬದಲಿಸಿ, ಎರಡೂ ಶೂ ಒಟ್ಟಿಗೆ ತಾಗುತ್ತವಾ ನೋಡಿ, ಸಲಾಕೆಗಳ ಕೀಲುಗಳಿಗೆ ಎಣ್ಣೆ ಬಿಡಿ, ರಿಮ್ಮಿಗೆ ಮಾತ್ರ ತಾಗದಂತೆ. ಮಳೆ ಜೋರಾದರೆ ಇಳಿಜಾರಿನಲ್ಲಿ ಇಳಿದು ತಳ್ಳಿ, ನಿಮ್ಮ ತಾತನೂ ಹಾಗೇ ಮಾಡಿರುತ್ತಾರೆ.