ಮಂಗೋಲಿಯಾದ ನದಿಯಲ್ಲಿ ಟೈಮೆನ್ ಮೀನು ಹಿಡಿಯಲು ಗೈಡ್ ಜೊತೆ ಹೋಗಬೇಕು. ಜುಲೈ ಆಗುತ್ತಾ? ಏನೇನು ತಯಾರಿ ಬೇಕು?

ಜುಲೈನಲ್ಲಿ ಹತ್ತು ದಿನ ರಜೆ ಇದೆ, ಹಿಂದೆ ಕಾವೇರಿಯಲ್ಲಿ ಗಾಳ ಹಾಕಿ ಗೊತ್ತು, ಜೊತೆಗೆ ಬರುವ ತಮ್ಮ ಸಸ್ಯಾಹಾರಿ ಅಂತ ಬರೆದಿದ್ದೀರಿ. ಮೊದಲು ರಜೆಯ ವಿಷಯ. ಸಾಧ್ಯವಾದರೆ ಅದನ್ನು ಸೆಪ್ಟೆಂಬರ್‌ಗೆ ಹಾಕಿಸಿಕೊಳ್ಳಿ. ಹತ್ತು ದಿನದ ಬದಲು ಹದಿನಾಲ್ಕು ಕೇಳಿ.

ಟೈಮೆನ್ ಮೊಟ್ಟೆ ಇಡುವ ಕಾಲ ಅಂತ ಏಪ್ರಿಲ್‌ನಿಂದ ಜೂನ್ ಮಧ್ಯದವರೆಗೆ ಅಲ್ಲಿ ಗಾಳ ಹಾಕುವ ಹಾಗಿಲ್ಲ. ಅದು ಮುಗಿದ ಮೇಲೆ ಎರಡು ಮೂರು ವಾರ ಚೆನ್ನಾಗಿರುತ್ತದೆ. ಆಮೇಲೆ ಮಳೆ ಶುರು. ಅಲ್ಲಿನ ವರ್ಷದ ಮಳೆಯಲ್ಲಿ ಹೆಚ್ಚಿನ ಪಾಲು ಬೀಳುವುದೇ ಬೇಸಿಗೆಯ ಈ ತಿಂಗಳುಗಳಲ್ಲಿ. ಒಂದು ಜೋರು ಮಳೆ ಬಂದರೆ ಸಾಕು, ಗಾಜಿನ ಹಾಗಿದ್ದ ನದಿ ಚಹಾದ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಇಳಿಯುವವರೆಗೆ ಕ್ಯಾಂಪಿನಲ್ಲಿ ಸುಮ್ನೆ ಕೂರಬೇಕು. ಮೇಲಾಗಿ ಜುಲೈ 11ರಿಂದ 13 ನಾದಮ್ ಹಬ್ಬ. ಆ ವಾರ ವಿಮಾನ, ಹೋಟೆಲ್ ಎಲ್ಲ ತುಂಬಿರುತ್ತವೆ.

ನಾನು ಹೋಗಿದ್ದು ಸೆಪ್ಟೆಂಬರ್ ಮಧ್ಯದಲ್ಲಿ, ಊರ್ ಮತ್ತು ಎಗ್ ನದಿಗಳಿಗೆ. ರಾಜಧಾನಿ ಉಲಾನ್‌ಬಾತರ್‌ನಿಂದ ಮೊರೊನ್ ಪಟ್ಟಣಕ್ಕೆ ಸಣ್ಣ ವಿಮಾನ. ಅಲ್ಲಿಂದ ರಷ್ಯಾದ ಹಳೆಯ ಫುರ್ಗೊನ್ ವ್ಯಾನಿನಲ್ಲಿ ಇಡೀ ದಿನ, ರಸ್ತೆ ಅಂತ ಕರೆಯಲಾಗದ ದಾರಿ. ದಡದ ಲಾರ್ಚ್ ಮರಗಳೆಲ್ಲ ಹಳದಿ. ಬೆಳಿಗ್ಗೆ ರಾಡಿನ ಬಳೆಗಳಲ್ಲಿ ಐಸ್ ಕಟ್ಟುತ್ತಿತ್ತು, ಬೆರಳಲ್ಲಿ ಒರೆಸಿ ಮತ್ತೆ ಎಸೆಯುತ್ತಿದ್ದೆವು.

ಎಗ್ ನದಿ ಸೆಲೆಂಗಾ ಸೇರಿ ಬೈಕಲ್ ಸರೋವರಕ್ಕೆ ಹೋಗುತ್ತದೆ. ಪೂರ್ವದ ಓನೊನ್ ನದಿಯದು ಬೇರೆಯೇ ದಿಕ್ಕು. ಅದು ಅಮೂರ್ ಮೂಲಕ ಪೆಸಿಫಿಕ್ ಕಡೆ ಹರಿಯುತ್ತದೆ, ಹಾಗಾಗಿ ಅಲ್ಲಿ ಟೈಮೆನ್ ಜೊತೆ ಅಮೂರ್ ಪೈಕ್ ಅನ್ನುವ ಮೀನೂ ಸಿಗುತ್ತದೆ. ಎರಡೂ ಒಳ್ಳೆಯ ನದಿಗಳೇ. ಆದರೆ ನದಿಗಿಂತ ಮುಂಚೆ ಗೈಡ್ ಯಾರು ಅಂತ ನೋಡಿ. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು.

ಮೊದಲ ಸಲ ಕಡಿಮೆ ದುಡ್ಡಿಗೆ ಒಬ್ಬ ಏಜೆಂಟ್ ಹತ್ತಿರ ಬುಕ್ ಮಾಡಿದ್ದೆ. ನದಿ ದಡ ಮುಟ್ಟಿದ ಮೇಲೆ ಗೊತ್ತಾಯಿತು, ಅವರ ಕೈಲಿದ್ದ ಪರವಾನಗಿ ಬೇರೆ ನದಿಯದು. ಎರಡು ದಿನ ಹಾಳಾಯಿತು. ಟೈಮೆನ್‌ಗೆ ಅಲ್ಲಿ ವಿಶೇಷ ಪರವಾನಗಿ ಬೇಕು. ಹಿಡಿದ ಮೀನನ್ನು ವಾಪಸ್ ಬಿಡಲೇಬೇಕು, ಅದು ಕಾನೂನು. ಆದ್ದರಿಂದ ಮುಂಗಡ ಕಳಿಸುವ ಮೊದಲೇ ಕೇಳಿ: ಪರವಾನಗಿ ಯಾರ ಹೆಸರಲ್ಲಿ ಇರುತ್ತದೆ, ಯಾವ ನದಿಯ ಯಾವ ಭಾಗಕ್ಕೆ, ಪ್ರತಿ ಕಳಿಸುತ್ತೀರಾ. ಒಂದು ವಾರಕ್ಕೆ ಒಬ್ಬರಿಗೆ ಸಾವಿರಾರು ಡಾಲರ್ ಆಗುವ ಪ್ರವಾಸ ಇದು, ಕೇಳುವುದಕ್ಕೆ ಸಂಕೋಚ ಬೇಡ.

ಇನ್ನೊಂದು ಪ್ರಶ್ನೆಯನ್ನು ಮರೆಯದೆ ಕೇಳಿ: ಮೀನು ದಡಕ್ಕೆ ಬಂದ ಮೇಲೆ ಏನು ಮಾಡುತ್ತೀರಿ? ಒಳ್ಳೆಯ ಗೈಡ್ ಇದಕ್ಕೆ ತುಂಬಾ ಹೊತ್ತು ಉತ್ತರ ಕೊಡುತ್ತಾರೆ. ಮೀನು ನೀರಲ್ಲೇ ಇರಬೇಕು, ಕೈ ಒದ್ದೆ ಇರಬೇಕು, ಕಿವಿರಿಗೆ ಬೆರಳು ಹಾಕಬಾರದು, ಒಂದು ಫೋಟೊ ಅಷ್ಟೆ, ಅದು ತಾನಾಗಿ ಬಾಲ ಬಡಿಯುವವರೆಗೆ ಹರಿವಿಗೆ ಮುಖ ಮಾಡಿ ಹಿಡಿದುಕೊಳ್ಳಬೇಕು ಅಂತೆಲ್ಲ ಹೇಳುತ್ತಾರೆ. ದೊಡ್ಡ ಮೀನು ಎತ್ತಿಕೊಂಡ ಫೋಟೊಗಳನ್ನೇ ಕಳಿಸಿ ಸುಮ್ಮನಾದರೆ ಬೇರೆಯವರನ್ನು ನೋಡಿ. ಇದು ಸಾಲ್ಮನ್ ಕುಟುಂಬದಲ್ಲೇ ಅತಿ ದೊಡ್ಡ ಮೀನು, ಒಂದೂವರೆ ಮೀಟರ್‌ವರೆಗೆ ಬೆಳೆಯುತ್ತದೆ. ಆದರೆ ಬೆಳೆಯುವುದು ನಿಧಾನ. ಮರಿ ಮಾಡುವ ವಯಸ್ಸಿಗೆ ಬರುವುದಕ್ಕೇ ಆರೇಳು ವರ್ಷ ಬೇಕು. ನಿಮ್ಮ ಕೈಗೆ ಬಂದ ದೊಡ್ಡ ಮೀನಿನ ವಯಸ್ಸು ಇಪ್ಪತ್ತೈದು ಇದ್ದರೂ ಇರಬಹುದು. ಕಾವೇರಿಯ ಬಿಳಿಮೀನಿನ ಗತಿ ಏನಾಗಿದೆ ಅಂತ ನಿಮಗೆ ಗೊತ್ತಿದೆ ಅಲ್ವಾ? ಆ ಡುಬ್ಬದ ಮಹಶೀರ್ ಇವತ್ತು ಅಳಿವಿನ ಅಂಚಿನಲ್ಲಿದೆ. ಅದನ್ನು ನೋಡಿದವನು ನಾನು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕಾವೇರಿಯ ಅಭ್ಯಾಸಗಳಲ್ಲಿ ಕೆಲವನ್ನು ಮನೆಯಲ್ಲೇ ಬಿಟ್ಟು ಹೋಗಿ. ರಾಗಿ ಉಂಡೆ ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ಕೃತಕ ಎರೆ ಮಾತ್ರ. ಕೊಕ್ಕೆ ಒಂದೇ ಇರಬೇಕು, ಅದಕ್ಕೆ ಹಿಮ್ಮುಳ್ಳು ಇರಬಾರದು. ನಿಮ್ಮ ಸ್ಪೂನ್‌ಗಳಲ್ಲಿ, ಅಂದರೆ ಚಮಚದ ಆಕಾರದ ಲೋಹದ ಎರೆಗಳಲ್ಲಿ, ಮೂರು ಕೊಕ್ಕೆಯವು ಇದ್ದರೆ ಬಿಚ್ಚಿ ಒಂಟಿ ಕೊಕ್ಕೆ ಹಾಕಿ. ಹಿಮ್ಮುಳ್ಳನ್ನು ಇಕ್ಕುಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಫ್ಲೈ ರಾಡ್ (ಗರಿ, ಕೂದಲಿನಿಂದ ಕಟ್ಟಿದ ಹಗುರ ಎರೆ, ಅಂದರೆ ಫ್ಲೈ, ಎಸೆಯುವ ಕೋಲು) ಆದರೆ 8 ಅಥವಾ 9 ನಂಬರಿನದು, ನಾಲ್ಕು ತುಂಡಾಗುವಂಥದ್ದು ಒಳ್ಳೆಯದು. ಒಳನಾಡಿನ ವಿಮಾನದಲ್ಲಿ ಸಾಮಾನಿನ ತೂಕಕ್ಕೆ ಮಿತಿ ಬಿಗಿ.

ಸಂಜೆ ಇಲಿಯ ಆಕಾರದ ಫ್ಲೈ ಹಾಕಿ ನೋಡಿ. ನದಿ ದಾಟುವ ಇಲಿಗಳನ್ನು ಟೈಮೆನ್ ನಿಜವಾಗಿಯೂ ನುಂಗುತ್ತದೆ. ಮಬ್ಬುಗತ್ತಲಲ್ಲಿ ನೀರಿನ ಮೇಲೆ ಕಲ್ಲು ಬಿದ್ದ ಹಾಗೆ ಸದ್ದಾಗುತ್ತದೆ. ತಕ್ಷಣ ರಾಡ್ ಎತ್ತಬೇಡಿ! ಕೈಗೆ ಭಾರ ತಿಳಿಯುವವರೆಗೆ ಕಾಯಿರಿ, ಆಮೇಲೆ ದಾರವನ್ನೇ ಜಗ್ಗಿ. ನಾನು ಮೊದಲ ಮೂರು ಮೀನು ಕಳೆದುಕೊಂಡಿದ್ದು ಇದೇ ತಪ್ಪಿಗೆ. ಆರು ದಿನದಲ್ಲಿ ನನಗೆ ಸಿಕ್ಕಿದ್ದು ಎರಡೇ ಟೈಮೆನ್. ಮಧ್ಯೆ ಮಧ್ಯೆ ಲೆನೊಕ್, ಗ್ರೇಲಿಂಗ್ ಅನ್ನುವ ಸಣ್ಣ ಮೀನುಗಳು ಸಿಗುತ್ತಿದ್ದವು, ಅವುಗಳ ಜೊತೆಯೂ ದಿನ ಖುಷಿಯಾಗಿ ಹೋಗುತ್ತದೆ.

ಭಾರತದಿಂದ ಹೋಗುವವರಿಗೆ ಮುಖ್ಯವಾದ ಒಂದು ಮಾತು. ಕಾಡಿನಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ ಅಂತ ಇಲ್ಲಿಂದಲೇ ಸ್ಯಾಟಲೈಟ್ ಫೋನ್ ಅಥವಾ ಉಪಗ್ರಹದ ಮೂಲಕ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್ ಒಯ್ಯಬೇಡಿ. ಅನುಮತಿ ಇಲ್ಲದೆ ಅವನ್ನು ಇಟ್ಟುಕೊಳ್ಳುವುದು ನಮ್ಮಲ್ಲಿ ಅಪರಾಧ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರಿದ್ದಾರೆ. ಗೈಡ್ ಹತ್ತಿರ ಇರುತ್ತದಾ ಅಂತ ಮೊದಲೇ ಖಚಿತ ಮಾಡಿಕೊಳ್ಳಿ. ವಿಮೆಯಲ್ಲಿ ಹೆಲಿಕಾಪ್ಟರ್‌ನಲ್ಲಿ ಕರೆತರುವ ಖರ್ಚು ಸೇರಿದೆಯಾ ಅಂತಲೂ ಓದಿ ನೋಡಿ. ವೀಸಾ ಬೇಕು, ಮಧ್ಯೆ ವಿಮಾನ ಬದಲಿಸುವ ದೇಶದ ನಿಯಮವನ್ನೂ ನೋಡಿಕೊಳ್ಳಿ.

ನದಿಯಲ್ಲಿ ಪಾತ್ರೆ, ಬಟ್ಟೆ ತೊಳೆಯಬೇಡಿ. ಅಲ್ಲಿನವರಿಗೆ ನದಿ ಪವಿತ್ರ. ನೀರನ್ನು ಬಕೆಟ್‌ನಲ್ಲಿ ತಂದು ದೂರದಲ್ಲಿ ಬಳಸುತ್ತಾರೆ. ಗೆರ್ ಡೇರೆಗೆ ಹೋಗುವಾಗ ಹೊಸ್ತಿಲು ತುಳಿಯಬಾರದು. ನಮ್ಮ ಮನೆಯ ಹಾಗೇ.

ತಮ್ಮನ ಊಟದ ಬಗ್ಗೆ ಈಗಲೇ ಯೋಚಿಸಿ. ಹಳ್ಳಿಗಾಡಿನ ಊಟ ಅಂದರೆ ಕುರಿ ಮಾಂಸ, ಹಿಟ್ಟು, ಹಾಲು. ಸಸ್ಯಾಹಾರಿ ಅಂದರೆ ಮಾಂಸದ ತುಂಡು ತೆಗೆದು ಅದೇ ಸಾರು ಕೊಟ್ಟಾರು, ತಪ್ಪು ತಿಳಿಯಬೇಡಿ. ಮೊಟ್ಟೆ ತಿನ್ನುತ್ತಾರಾ, ಮಾಂಸದ ಕೊಬ್ಬಿನಲ್ಲಿ ಹುರಿದದ್ದು ಆಗುತ್ತದಾ ಅಂತ ಗೈಡ್‌ಗೆ ಬರೆದು ಕಳಿಸಿ. ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ ಕಟ್ಟಿಕೊಳ್ಳಿ. ಉಪ್ಪು ಹಾಕಿದ ಹಾಲಿನ ಚಹಾ, ಸೂತೆ ತ್ಸಾಯ್ ಅಂತಾರೆ, ಮೊದಲ ದಿನ ವಿಚಿತ್ರ ಅನಿಸುತ್ತದೆ. ಮೂರನೇ ದಿನ ಬೆಳಿಗ್ಗೆ ಆ ಚಳಿಯಲ್ಲಿ ನಾನು ಅದಕ್ಕೆ ಅವಲಕ್ಕಿ ಹಾಕಿಕೊಂಡು ತಿಂದೆ. ನಮ್ಮ ಗೈಡ್ ಕೂಡ ಎರಡು ಸಲ ಬಡಿಸಿಕೊಂಡರು.