ಒಂದೇ ಕಂಪ್ಯೂಟರ್, ಹಲವು ಬಳಕೆದಾರರು: ಆಫೀಸ್ ತಂತ್ರಾಂಶವನ್ನು ಎಷ್ಟು ಸಲ ಹಾಕಬೇಕು?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದೇನೆ. ವಿಂಡೋಸ್ ಇರುವ ಎರಡು ಕಂಪ್ಯೂಟರ್‌ಗಳನ್ನು ಕಾರ್ಯದರ್ಶಿಯವರೂ ಸೇರಿ ಐದು ಮಂದಿ ಸರದಿಯ ಮೇಲೆ ಬಳಸುತ್ತೇವೆ. ಎಲ್ಲರಿಗೂ ಪ್ರತ್ಯೇಕ ಖಾತೆ ಮಾಡಿ, ಪತ್ರ, ಪಟ್ಟಿ ತಯಾರಿಸುವ ಉಚಿತ ತಂತ್ರಾಂಶ ಲಿಬ್ರೆ ಆಫೀಸ್ ಮತ್ತು ಕನ್ನಡ ಟೈಪ್ ಮಾಡುವ ನುಡಿ ಹಾಕಿಸಿದ್ದೇವೆ. ಆದರೆ ಹಳೆಯ ನಡಾವಳಿ ಮತ್ತು ಸಾಲದ ನೋಟಿಸುಗಳು ನನ್ನ ಖಾತೆಯಲ್ಲಿ ಮಾತ್ರ ಸರಿಯಾಗಿ ಕಾಣುತ್ತವೆ, ಉಳಿದವರಿಗೆ ಅರ್ಥವಾಗದ ಚಿಹ್ನೆಗಳು ಬರುತ್ತವೆ. ಕೆಲವು ಸಲ ಕಡತ ತೆರೆದರೂ ತಿದ್ದಲು ಬಿಡುವುದಿಲ್ಲ. ಪ್ರತಿ ಖಾತೆಯಲ್ಲೂ ತಂತ್ರಾಂಶವನ್ನು ಮತ್ತೆ ಹಾಕಬೇಕೇ, ಅಥವಾ ಎಲ್ಲರೂ ನನ್ನ ಖಾತೆಯನ್ನೇ ಬಳಸಿದರೆ ಸಾಕೇ?

ಉತ್ತರ: ಎರಡೂ ಬೇಡ. ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ಲಿಬ್ರೆ ಆಫೀಸನ್ನು ಒಮ್ಮೆ ಹಾಕಿದರೆ ಅದು ಆ ಯಂತ್ರದ ಎಲ್ಲ ಖಾತೆಗಳಿಗೂ ಸಿಗುತ್ತದೆ. ನಿಮಗೆ ತೊಂದರೆ ಕೊಡುತ್ತಿರುವುದು ತಂತ್ರಾಂಶವಲ್ಲ, ಅದರ ಜೊತೆಗಿದ್ದೂ ಖಾತೆಯಿಂದ ಖಾತೆಗೆ ಬೇರೆಯಾಗುವ ಸಂಗತಿಗಳು: ಫಾಂಟು, ಕೀಲಿಮಣೆಯ ಆಯ್ಕೆ, ಕಡತ ಉಳಿಸುವ ಜಾಗ ಮತ್ತು ಪ್ರತಿಯೊಬ್ಬರ ಸೆಟ್ಟಿಂಗು.

ಮೊದಲು ಫಾಂಟಿನ ವಿಷಯ. ಪ್ರತಿ ಭಾಷೆಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯನ್ನು ಬಳಸದ ಹಳೆಯ ನುಡಿ ಕಡತಗಳಲ್ಲಿ ಕನ್ನಡ ಅಕ್ಷರಗಳು ಕನ್ನಡವಾಗಿ ಉಳಿದಿರುವುದಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪಗಳನ್ನು ಕೂರಿಸಿದ ಫಾಂಟಿನ ಮೂಲಕವಷ್ಟೇ ಅವು ಕನ್ನಡವಾಗಿ ಕಾಣುತ್ತವೆ. ಆ ಫಾಂಟು ಸಿಗದಿದ್ದರೆ ‘ಕನ್ನಡ’ ಎಂಬ ಪದ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ ಎಂದು ತೆರೆದುಕೊಳ್ಳುತ್ತದೆ. ನಿಮ್ಮ ಸಹೋದ್ಯೋಗಿಗಳು ನೋಡುತ್ತಿರುವುದು ಬಹುಶಃ ಇದನ್ನೇ. ಕಡತ ಕೆಟ್ಟಿಲ್ಲ, ಹೆದರಬೇಕಾಗಿಲ್ಲ. ಈಗಿನ ವಿಂಡೋಸ್‌ನಲ್ಲಿ ಫಾಂಟ್ ಕಡತದ ಮೇಲೆ ಬಲಗುಂಡಿ ಒತ್ತಿದಾಗ ಎರಡು ಆಯ್ಕೆಗಳು ಕಾಣುತ್ತವೆ. ಬರಿಯ ‘ಇನ್‌ಸ್ಟಾಲ್’ ಒತ್ತಿದರೆ ಫಾಂಟು ಒತ್ತಿದವರ ಖಾತೆಗಷ್ಟೇ ಸೇರುತ್ತದೆ, ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಒತ್ತಿ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೊಟ್ಟರೆ ಎಲ್ಲರಿಗೂ ಸೇರುತ್ತದೆ. ನುಡಿಯ ಎಲ್ಲ ಫಾಂಟುಗಳನ್ನೂ ಒಟ್ಟಿಗೆ ಆಯ್ದು ಈ ಎರಡನೆಯದನ್ನು ಒತ್ತಿರಿ. ಅದು ಸದ್ಯದ ಪರಿಹಾರ ಮಾತ್ರ. ಹೊಸ ನೋಟಿಸುಗಳನ್ನು ಇಂದಿನಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡುವುದು ನನ್ನ ಗಟ್ಟಿಯಾದ ಸಲಹೆ. ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಯುಐ ಫಾಂಟು ಇದಕ್ಕೆ ಸಾಕಾಗುತ್ತದೆ. ವಿಂಡೋಸ್‌ನ ಕನ್ನಡ ಕೀಲಿಮಣೆಯನ್ನು ಮಾತ್ರ ಪ್ರತಿಯೊಬ್ಬರೂ ತಮ್ಮ ತಮ್ಮ ಖಾತೆಯಲ್ಲಿ ಒಮ್ಮೆ ಸೇರಿಸಿಕೊಳ್ಳಬೇಕಾಗುತ್ತದೆ.

ಇನ್ನು ತಿದ್ದಲು ಬಿಡದ ಕಡತ. ಬೆಳಿಗ್ಗೆಯ ಸರದಿಯವರು ಸಾಲದ ಪಟ್ಟಿಯನ್ನು ತೆರೆದಿಟ್ಟು, ಸೈನ್ ಔಟ್ ಮಾಡದೆ ‘ಸ್ವಿಚ್ ಯೂಸರ್’ ಒತ್ತಿ ಊಟಕ್ಕೆ ಹೋದರೆ ಅವರ ಖಾತೆ ಹಿನ್ನೆಲೆಯಲ್ಲಿ ನಡೆಯುತ್ತಲೇ ಇರುತ್ತದೆ, ಕಡತವೂ ಅವರ ಹೆಸರಿನಲ್ಲೇ ತೆರೆದಿರುತ್ತದೆ. ಒಂದು ಕಡತವನ್ನು ಯಾರಾದರೂ ತೆರೆದಿರುವಷ್ಟು ಹೊತ್ತು ಲಿಬ್ರೆ ಆಫೀಸ್ ಅದೇ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ಹೆಸರಿನ ಸಣ್ಣದೊಂದು ಬೀಗದ ಕಡತವನ್ನು ಇಡುತ್ತದೆ. ಎರಡನೆಯವರು ಅದೇ ಪಟ್ಟಿಯನ್ನು ತೆರೆದಾಗ ಓದಲಷ್ಟೇ ಬಿಡುವುದು ಈ ಬೀಗದ ಕಾರಣಕ್ಕೆ. ಕರೆಂಟು ಹೋಗಿ ಯಂತ್ರ ಏಕಾಏಕಿ ಆರಿದರೆ ಕಡತ ಮುಚ್ಚಿದ್ದರೂ ಬೀಗ ಉಳಿದುಬಿಡುವುದುಂಟು. ಆಗ ಯಾರೂ ಅದನ್ನು ತೆರೆದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಆ ಬೀಗದ ಕಡತವನ್ನು ಅಳಿಸಬಹುದು. ‘ಟೂಲ್ಸ್’ನ ‘ಆಪ್ಶನ್ಸ್’ನಲ್ಲಿರುವ ‘ಯೂಸರ್ ಡೇಟಾ’ ಜಾಗದಲ್ಲಿ ಪ್ರತಿಯೊಬ್ಬರೂ ತಮ್ಮ ಹೆಸರು ತುಂಬಿಸಿಟ್ಟರೆ, ಕಡತ ಯಾರ ಬಳಿ ಇದೆಯೆಂಬುದು ಎಚ್ಚರಿಕೆಯ ಸಂದೇಶದಲ್ಲೇ ಕಾಣುತ್ತದೆ.

ಎಲ್ಲರಿಗೂ ಬೇಕಾದ ಕಡತಗಳನ್ನು ಯಾರದೇ ಖಾತೆಯ ಡಾಕ್ಯುಮೆಂಟ್ಸ್‌ನಲ್ಲಿ ಇಡಬೇಡಿ. ಸಿ ಡ್ರೈವಿನ ‘ಯೂಸರ್ಸ್’ ಒಳಗೆ ‘ಪಬ್ಲಿಕ್’ ಎಂಬ ಫೋಲ್ಡರು ಇರುವುದೇ ಇದಕ್ಕಾಗಿ. ಹಳೆಯ ಕಡತಗಳನ್ನು ಅಲ್ಲಿಗೆ ಕಟ್ ಮಾಡಿ ಒಯ್ಯುವ ಬದಲು ಕಾಪಿ ಮಾಡಿರಿ, ಏಕೆಂದರೆ ಕಾಪಿ ಮಾಡಿದ ಕಡತ ಆ ಫೋಲ್ಡರಿನ ಅನುಮತಿಗಳನ್ನೇ ಪಡೆಯುತ್ತದೆ. ಹೊರಗಿನ ಕಚೇರಿಗಳಿಗೆ ಕಳುಹಿಸುವ ಪತ್ರಗಳು ವರ್ಡ್ ರೂಪದಲ್ಲೇ ಉಳಿಯಬೇಕೆಂದಿದ್ದರೆ ಆ ಸೆಟ್ಟಿಂಗನ್ನೂ ಖಾತೆಗೊಮ್ಮೆ ಮಾಡಬೇಕು.

ಎಲ್ಲರೂ ಒಂದೇ ಖಾತೆ ಬಳಸುವುದು ಮೇಲುನೋಟಕ್ಕೆ ಸುಲಭ, ನಮ್ಮ ಕಡೆಯ ಬಹಳಷ್ಟು ಕಚೇರಿಗಳಲ್ಲಿ ನಡೆಯುತ್ತಿರುವುದೂ ಅದೇ. ರೈತರ ಸಾಲದ ಲೆಕ್ಕ ಇಡುವ ಸಂಘಕ್ಕೆ ಅದು ತಕ್ಕದ್ದಲ್ಲ: ಪಟ್ಟಿಯನ್ನು ಯಾರು ತಿದ್ದಿದರೆಂದು ಲೆಕ್ಕಪರಿಶೋಧಕರು ಕೇಳಿದರೆ ಐದು ಮಂದಿಗೂ ಉತ್ತರ ನಿಮ್ಮ ಹೆಸರೇ ಆಗುತ್ತದೆ. ನಿತ್ಯದ ಕೆಲಸಕ್ಕೆ ಪ್ರತಿಯೊಬ್ಬರದೂ ವಿಂಡೋಸ್ ‘ಸ್ಟ್ಯಾಂಡರ್ಡ್’ ಎನ್ನುವ ಬಗೆಯ ಖಾತೆಯಾಗಿರಲಿ, ಕಾರ್ಯದರ್ಶಿಯವರದೂ ಸೇರಿ. ಅಡ್ಮಿನಿಸ್ಟ್ರೇಟರ್ ಖಾತೆ ಪ್ರತ್ಯೇಕವಾಗಿದ್ದು, ತಂತ್ರಾಂಶ ಹಾಕುವಾಗ ಮಾತ್ರ ಬಳಕೆಯಾಗಲಿ.

ಪ್ರಶ್ನೆ: ಮೈಸೂರಿನಲ್ಲಿ ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದೇನೆ. ಮೈಕ್ರೋಸಾಫ್ಟ್ 365ರ ಒಂದು ಚಂದಾದಲ್ಲಿ ಐದು ಯಂತ್ರಗಳಿಗೆ ಅವಕಾಶವಿದೆ ಎನ್ನುತ್ತಾರೆ. ಹಾಗಾದರೆ ಐದು ಕಂಪ್ಯೂಟರ್‌ಗಳ ತರಗತಿಗೆ ಒಂದು ಚಂದಾ ಸಾಕಲ್ಲವೇ?

ಉತ್ತರ: ಸಾಲದು. ಆ ಐದು ಯಂತ್ರಗಳ ಲೆಕ್ಕ ಒಬ್ಬ ವ್ಯಕ್ತಿಯದು. ಅವರ ಮನೆಯ ಕಂಪ್ಯೂಟರ್, ಲ್ಯಾಪ್‌ಟಾಪ್, ಫೋನುಗಳಿಗೆಂದು ಕೊಟ್ಟದ್ದೇ ಹೊರತು ಐದು ವಿದ್ಯಾರ್ಥಿಗಳಿಗಲ್ಲ. ಆರು ಮಂದಿಯವರೆಗೆ ಅವಕಾಶವಿರುವ ಫ್ಯಾಮಿಲಿ ಚಂದಾ ಕೂಡ ಸ್ವಂತ ಬಳಕೆಗೇ ಮೀಸಲು. ಒಂದೇ ಯಂತ್ರಕ್ಕೆ ದಿನವಿಡೀ ಬೇರೆ ಬೇರೆಯವರು ಬಂದು ಕೂರುವ ಕಡೆಗೆಂದೇ ಮೈಕ್ರೋಸಾಫ್ಟ್ ‘ಶೇರ್ಡ್ ಕಂಪ್ಯೂಟರ್ ಆಕ್ಟಿವೇಶನ್’ ಎಂಬ ವ್ಯವಸ್ಥೆ ಇಟ್ಟಿದೆ, ಆದರೆ ಅದು ಬಿಸಿನೆಸ್ ಪ್ರೀಮಿಯಂ ಅಥವಾ ಎಂಟರ್‌ಪ್ರೈಸ್ ದರ್ಜೆಯಂಥ ಕೆಲವೇ ಯೋಜನೆಗಳಲ್ಲಿ ಸಿಗುತ್ತದೆ ಮತ್ತು ಅಲ್ಲಿಯೂ ಕೂರುವ ಪ್ರತಿಯೊಬ್ಬರಿಗೂ ಅವರದೇ ಪರವಾನಗಿ ಬೇಕು. ಲಿಬ್ರೆ ಆಫೀಸಿಗೆ ಈ ಎಣಿಕೆಯೇ ಇಲ್ಲ. ಎಷ್ಟು ಯಂತ್ರಗಳಿಗಾದರೂ, ಹಣ ಪಡೆದು ಕಲಿಸುವ ಕೇಂದ್ರಕ್ಕಾದರೂ ಉಚಿತವಾಗಿ ಹಾಕಿಕೊಳ್ಳಬಹುದು. ವಿದ್ಯಾರ್ಥಿಗಳು ಕೆಲಸಕ್ಕಾಗಿ ವರ್ಡ್ ಮತ್ತು ಎಕ್ಸೆಲನ್ನೇ ಕಲಿಯಬೇಕೆಂದು ಬರುತ್ತಾರಾದರೆ, ಚಂದಾ ಕೊಳ್ಳುವ ಮೊದಲು ಒಂದು ಸಲ ಖರೀದಿಸಿ ಒಂದು ಯಂತ್ರಕ್ಕೆ ಹಾಕುವ ಆಫೀಸಿನ ಬೆಲೆಯನ್ನೂ, ತರಬೇತಿ ಕೇಂದ್ರದಲ್ಲಿ ಬಳಸಲು ಆ ಪ್ರತಿಗೆ ಅನುಮತಿ ಇದೆಯೇ ಎಂಬುದನ್ನೂ ಮಾರುವವರಿಂದ ಲಿಖಿತವಾಗಿ ಕೇಳಿ ಪಡೆಯಿರಿ.