ಮೊದಲ ಗಿಟಾರ್ ಯಾವುದು ತಗೊಳ್ಳಲಿ? ಬ್ರ್ಯಾಂಡ್ ಆಮೇಲೆ, ಮೊದಲು ತಂತಿಯ ಎತ್ತರ ನೋಡಿ

ನೀವು ಕೇಳಿದ್ದು ಇಷ್ಟು: ಹಾಸನದಲ್ಲಿದ್ದೀರಿ, ಹಾಡಲು ಬರುತ್ತದೆ, ಹಾಡಿನ ಜೊತೆ ನುಡಿಸೋಕೆ ಗಿಟಾರ್ ಕಲಿಯಬೇಕು. ಕೈ ಚಿಕ್ಕದು, ಬಜೆಟ್ 10,000 ರೂಪಾಯಿ. ಬ್ಯಾಗು, ಬೆಲ್ಟು, ಪಿಕ್ಕು ಎಲ್ಲ ಸೇರಿ ಆನ್‌ಲೈನ್‌ನಲ್ಲಿ 3,000ಕ್ಕೇ ಸಿಗುತ್ತಿರುವಾಗ ಯಮಹಾಗೆ ಅದರ ಮೂರು ಪಟ್ಟು ಕೊಡಬೇಕಾ?

ಕೊಡಿ, ಕೈಲಾದರೆ. ಆದರೆ ಹೆಸರು ನೋಡಿ ಕೊಡಬೇಡಿ. ಹೊಸಬರಿಗೆ ಎಲ್ಲಕ್ಕಿಂತ ಮುಖ್ಯ ಆಗುವುದು ತಂತಿ ಫ್ರೆಟ್‌ಗಳಿಂದ, ಅಂದರೆ ತಂತಿಯ ಕೆಳಗೆ ಅಡ್ಡಲಾಗಿರುವ ಲೋಹದ ಪಟ್ಟಿಗಳಿಂದ, ಎಷ್ಟು ಎತ್ತರದಲ್ಲಿದೆ ಅನ್ನುವುದು. ಗಿಟಾರಿನವರು ಇದಕ್ಕೆ ಆಕ್ಷನ್ ಅನ್ನುತ್ತಾರೆ. ನಾನು ವಾರದ ಕೊನೆಯಲ್ಲಿ ಕೆಲವರಿಗೆ ಗಿಟಾರ್ ಹೇಳಿಕೊಡುತ್ತೇನೆ. ಅರ್ಧಕ್ಕೇ ಬಿಟ್ಟವರಲ್ಲಿ ಬಹಳ ಜನ "ನನ್ನ ಬೆರಳಿಗೆ ಇದು ಆಗಲ್ಲ" ಅಂತಲೇ ಬಿಟ್ಟಿದ್ದಾರೆ. ಅವರ ಗಿಟಾರ್ ಕೈಗೆ ತಗೊಂಡು ನೋಡಿದರೆ ತಪ್ಪು ಬೆರಳಿನದ್ದಲ್ಲ. ತಂತಿ ಅಷ್ಟು ಮೇಲಿದ್ದರೆ ನನಗೂ ನುಡಿಸೋಕೆ ಆಗಲ್ಲ.

ಇದನ್ನು ಅಂಗಡಿಯಲ್ಲೇ ಅಳೆಯಬಹುದು. ಜೇಬಿನಲ್ಲಿರುವ ಎಟಿಎಂ ಕಾರ್ಡ್ ಸಾಕು. ಒಂದು ಕಾರ್ಡಿನ ದಪ್ಪ 0.76 ಮಿ.ಮೀ., ಮೂರು ಸೇರಿದರೆ ಸುಮಾರು 2.3 ಮಿ.ಮೀ. ನೆಕ್ ಮೇಲೆ, ಅಂದರೆ ಗಿಟಾರಿನ ಉದ್ದನೆಯ ಕತ್ತಿನ ಮೇಲೆ, 12ನೇ ಫ್ರೆಟ್ ಎಲ್ಲಿದೆ ಹುಡುಕಿ. ಸಾಮಾನ್ಯವಾಗಿ ಅಲ್ಲಿ ಎರಡು ಚುಕ್ಕೆ ಇರುತ್ತವೆ. ಆ ಲೋಹದ ಪಟ್ಟಿಯ ಮೇಲೆ, ಎಲ್ಲಕ್ಕಿಂತ ದಪ್ಪ ತಂತಿಯ ಕೆಳಗೆ ಕಾರ್ಡ್‌ಗಳನ್ನು ಒಂದರ ಮೇಲೊಂದು ಇಟ್ಟು ತೂರಿಸಿ. ನಂಬರ್ ಉಬ್ಬಿರುವ ಜಾಗ ಬಿಟ್ಟು ಸಪಾಟಾದ ಅಂಚನ್ನು ಬಳಸಿ. ಮೂರು ಕಾರ್ಡ್ ತಂತಿಯನ್ನು ಸವರಿಕೊಂಡು ಹೋದರೆ ಚೆನ್ನಾಗಿದೆ. ನಾಲ್ಕು ಆರಾಮಾಗಿ ಹೋದರೆ ರಿಪೇರಿ ಕೆಲಸ ಬಾಕಿ ಇದೆ. ಐದು ಹೋದರೆ ಅದನ್ನು ಹಾಗೇ ಮನೆಗೆ ತರಲೇಬೇಡಿ. ತೆಳು ತಂತಿಯ ಕಡೆ ಎರಡು ಸಲೀಸಾಗಿ ಹೋಗಿ, ಮೂರನೆಯದು ಬಿಗಿಯಾಗಬೇಕು.

ನನ್ನ ಹತ್ತಿರ ಕಲಿಯಲು ಬಂದ ಒಬ್ಬ ಹುಡುಗಿಯ ಗಿಟಾರಿನಲ್ಲಿ ಐದೂ ಹೋದವು, ಇನ್ನೂ ಜಾಗ ಉಳಿದಿತ್ತು. ಸಿ ಮೇಜರ್ ಅನ್ನುವ ಸ್ವರಗುಚ್ಛ ಹಿಡಿಯುವಷ್ಟರಲ್ಲಿ ಅವಳ ಬೆರಳ ತುದಿಯಲ್ಲಿ ಕೆಂಪು ಗೆರೆ ಬೀಳುತ್ತಿತ್ತು. ಗಿಟಾರಿನ ಮೈಗೆ ಅಂಟಿಸಿದ, ತಂತಿಗಳ ತುದಿ ಸಿಕ್ಕಿಸುವ ಬ್ರಿಡ್ಜ್ ಮೇಲೆ ತಂತಿ ಕೂರುವ ಬಿಳಿ ಪಟ್ಟಿ ಇರುತ್ತದಲ್ಲ, ಸ್ಯಾಡಲ್ ಅಂತ, ಅದನ್ನು ಹೊರಗೆ ತೆಗೆದು ಅದರ ತಳವನ್ನು ಮರಳುಕಾಗದದ ಮೇಲೆ ಉಜ್ಜಿದೆವು. 12ನೇ ಫ್ರೆಟ್ ಹತ್ತಿರ 1 ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್ ಸುಮಾರು 2 ಮಿ.ಮೀ. ತೇಯಬೇಕು. ಸ್ವಲ್ಪ ಉಜ್ಜುವುದು, ಕೂರಿಸುವುದು, ತಂತಿ ಬಿಗಿದು ಅಳೆಯುವುದು, ಮತ್ತೆ ಉಜ್ಜುವುದು. ಅದೇ ಗಿಟಾರಿನಲ್ಲಿ ಅವಳು ಈಗ ಪೂರ್ತಿ ಹಾಡು ನುಡಿಸುತ್ತಾಳೆ.

ಎಲ್ಲ ಅಗ್ಗದ ಗಿಟಾರುಗಳಿಗೂ ಈ ಉಪಾಯ ಒಗ್ಗುವುದಿಲ್ಲ. ಕೆಲವದರಲ್ಲಿ ಸ್ಯಾಡಲ್ ಮೊದಲೇ ಗಿಡ್ಡ ಇರುತ್ತದೆ, ತೇಯೋಕೆ ಜಾಗವೇ ಇರಲ್ಲ. ನೆಕ್ ಕೂರಿಸಿರುವ ಕೋನವೇ ಸೊಟ್ಟಗಿದ್ದರೆ ಅದನ್ನು ಸರಿಮಾಡಲು ಗಿಟಾರಿನ ಬೆಲೆಗಿಂತ ಜಾಸ್ತಿ ಖರ್ಚಾಗುತ್ತದೆ. ನೆಕ್ ಒಳಗೆ ಟ್ರಸ್ ರಾಡ್ ಅಂತ ಒಂದು ಕಬ್ಬಿಣದ ಸರಳು ಇರುತ್ತದೆ. ತಂತಿಯ ಎಳೆತಕ್ಕೆ ನೆಕ್ ಬಾಗಿದರೆ ಅದನ್ನು ತಿರುಗಿಸಿ ನೇರ ಮಾಡುತ್ತಾರೆ. ತಿರುಗಿಸಲು ಬರುವ ಟ್ರಸ್ ರಾಡ್ ಇದೆಯಾ ಅಂತ ಕೇಳಿಯೇ ತಗೊಳ್ಳಿ. ಆನ್‌ಲೈನ್ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ. ಪೆಟ್ಟಿಗೆಯೊಳಗೆ ಬರುವ ಗಿಟಾರನ್ನು ಯಾರೂ ಹೀಗೆ ಮುಟ್ಟಿ ನೋಡಿರುವುದಿಲ್ಲ. 3,000ದ ಗಿಟಾರಿನಲ್ಲೂ ಒಳ್ಳೆಯದು ಸಿಗಬಹುದು, ಆದರೆ ನಿಮ್ಮ ಮನೆಗೆ ಬರುವುದು ಅದೇನಾ ಅಂತ ಮೊದಲೇ ಹೇಳೋಕಾಗಲ್ಲ. ಯಮಹಾ ಎಫ್280, ಎಫ್310 ತರಹದ ಮಾಡೆಲ್‌ಗಳಿಗೆ ಕೊಡುವ ಹೆಚ್ಚಿನ ಹಣ ಈ ಅನಿಶ್ಚಿತತೆ ಕಡಿಮೆ ಮಾಡುವುದಕ್ಕೆ. ಒಂದೇ ಮಾಡೆಲ್‌ನ ಒಂದು ಗಿಟಾರಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಡಿಮೆ. ಹಾಗಂತ ಅವುಗಳನ್ನೂ ಅಳೆಯದೆ ತರಬೇಡಿ.

ಅಂಗಡಿಯಲ್ಲಿ ಇನ್ನೂ ಎರಡು ಮೂರು ಕೆಲಸ ಮಾಡಿ. ಆರೂ ತಂತಿಗಳನ್ನು ಒಂದೊಂದು ಫ್ರೆಟ್‌ನಲ್ಲೂ ಒತ್ತಿ ಮೀಟಿ. ಸಮಯ ಹಿಡಿಯುತ್ತದೆ, ನಾಚಿಕೊಳ್ಳಬೇಡಿ. ಎಲ್ಲಾದರೂ ಜ಼ುಂಯ್ ಅಂತ ಅದುರುವ ಸದ್ದು ಬಂದರೆ ಅಲ್ಲಿ ಫ್ರೆಟ್ ಏರುಪೇರಾಗಿರಬಹುದು. ಆಮೇಲೆ ಫೋನಿನಲ್ಲಿ ಟ್ಯೂನರ್ ಆ್ಯಪ್ ತೆರೆದು ತಂತಿಗಳನ್ನು ಶ್ರುತಿ ಮಾಡಿಸಿ. ಒಂದು ತಂತಿಯನ್ನು ಎಲ್ಲೂ ಒತ್ತದೆ ಮೀಟಿ, ನಂತರ 12ನೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರಬೇಕು. ಆ್ಯಪ್‌ನ ಮುಳ್ಳು ತುಂಬಾ ಆಚೆ ಹೋದರೆ ಆ ಗಿಟಾರ್ ಯಾವತ್ತೂ ಪೂರ್ತಿ ಶ್ರುತಿ ಸೇರುವುದಿಲ್ಲ. ನೀವು ಹಾಡುವವರು, ಅಪಶ್ರುತಿ ನಿಮ್ಮ ಕಿವಿಗೆ ಬೇರೆಯವರಿಗಿಂತ ಬೇಗ ಗೊತ್ತಾಗುತ್ತದೆ ಅಲ್ವಾ?

ಹಾಡುವವರು ಅಂದಮೇಲೆ ಕ್ಯಾಪೊ ಬೇಕೇ ಬೇಕು. ನೆಕ್‌ಗೆ ಅಡ್ಡಲಾಗಿ ಕಚ್ಚಿಸುವ ಕ್ಲಿಪ್ ಅದು. ಜಿ, ಸಿ, ಡಿ, ಇ ಮೈನರ್ ಈ ಸ್ವರಗುಚ್ಛಗಳಷ್ಟೇ ಬಂದರೂ ಕ್ಯಾಪೊವನ್ನು ಒಂದೊಂದೇ ಫ್ರೆಟ್ ಮೇಲೆ ಸರಿಸುತ್ತಾ ನಿಮ್ಮ ಗಂಟಲಿಗೆ ಹೊಂದುವ ಶ್ರುತಿಗೆ ತರಬಹುದು. ತಂತಿ ಎತ್ತರ ಇದ್ದರೆ ಇಲ್ಲೂ ತೊಂದರೆ. ಕ್ಯಾಪೊ ಒತ್ತಿದಾಗ ತಂತಿ ಜಾಸ್ತಿ ಎಳೆದು ಸ್ವರ ಏರಿಬಿಡುತ್ತದೆ.

ಕೈ ಚಿಕ್ಕದು ಅಂದಿರಿ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಬೆರಳಿಗೆ ಮೃದು ಅಂತ ಯಾರಾದರೂ ಹೇಳಿರಬಹುದು. ಮೃದುವೇ, ಸುಳ್ಳಲ್ಲ. ಆದರೆ ಅದರ ನೆಕ್ ಅಗಲ. ತಲೆಯ ಹತ್ತಿರ ತಂತಿಗಳು ಹಾದುಹೋಗುವ ಪಟ್ಟಿಯಲ್ಲಿ, ಅಂದರೆ ನಟ್‌ನಲ್ಲಿ, ಸಾಮಾನ್ಯವಾಗಿ 52 ಮಿ.ಮೀ. ಇರುತ್ತದೆ, ಸ್ಟೀಲ್ ತಂತಿಯದು 43ರ ಆಸುಪಾಸು. ಸ್ವರಗುಚ್ಛ ಹಿಡಿದು ಹಾಡುವ ಚಿಕ್ಕ ಕೈಗೆ ಆ 9 ಮಿ.ಮೀ. ದೊಡ್ಡ ವ್ಯತ್ಯಾಸ. ನಿಮಗೆ ಸ್ಟೀಲ್ ತಂತಿಯೇ ಸರಿ. ಬೆರಳು ನೋವಿನ ಚಿಂತೆ ಇದ್ದರೆ ಅಂಗಡಿಯವರಿಗೆ ಹೇಳಿ 10ರ ಸೆಟ್ ತಂತಿ ಹಾಕಿಸಿಕೊಳ್ಳಿ, ಅಂದರೆ ಅತಿ ತೆಳು ತಂತಿ ಒಂದು ಇಂಚಿನ ನೂರರಲ್ಲಿ ಒಂದು ಭಾಗದಷ್ಟು. ಬಹಳಷ್ಟು ಗಿಟಾರುಗಳು 12ರ ಸೆಟ್ ಹಾಕಿಕೊಂಡು ಬರುತ್ತವೆ, ಅದು ಬಿಗಿ. ಇನ್ನೊಂದು ಮಾತು. ಮನೆಯಲ್ಲಿ ಹಳೇ ನೈಲಾನ್ ಗಿಟಾರ್ ಇದ್ದರೆ ಅದಕ್ಕೆ ಸ್ಟೀಲ್ ತಂತಿ ಮಾತ್ರ ಹಾಕಬೇಡಿ. ಸ್ಟೀಲಿನ ಎಳೆತ ಹೆಚ್ಚುಕಡಿಮೆ ದುಪ್ಪಟ್ಟು, ಬ್ರಿಡ್ಜ್ ಕಿತ್ತು ಬರುತ್ತದೆ.

ಮೈ ಗಾತ್ರಕ್ಕೂ ಗಮನ ಕೊಡಿ. ಅಂಗಡಿಗಳಲ್ಲಿ ಜಾಸ್ತಿ ಇರುವುದು ಡ್ರೆಡ್‌ನಾಟ್, ಅಗಲ ಮೈಯದು. ತೊಡೆಯ ಮೇಲಿಟ್ಟಾಗ ಬಲ ಭುಜ ಮೇಲಕ್ಕೆ ಎದ್ದರೆ ಅದು ನಿಮಗೆ ದೊಡ್ಡದು. ಆಗ ಯಮಹಾದ ಎಫ್‌ಎಸ್ ಸಾಲಿನಂಥ ಚಿಕ್ಕ ಮೈಯ ಗಿಟಾರ್ ಕೇಳಿ. ಸದ್ದಿನ ಗುಮ್ಮು ಸ್ವಲ್ಪ ಕಡಿಮೆ, ಆದರೆ ಹಾಡಿನ ಜೊತೆಗೆ ಅದೇ ಹಿತ, ಧ್ವನಿಯನ್ನು ಮುಚ್ಚುವುದಿಲ್ಲ.

ಪ್ಲಗ್ ಹಾಕುವ ಸೆಮಿ ಎಲೆಕ್ಟ್ರಿಕ್ ಈಗ ಬೇಡ. ಈ ಬೆಲೆಯಲ್ಲಿ ಪಿಕಪ್‌ಗೆ, ಅಂದರೆ ತಂತಿಯ ಸದ್ದನ್ನು ಸ್ಪೀಕರಿಗೆ ಕಳಿಸುವ ಸಾಧನಕ್ಕೆ, ಹೋದ ದುಡ್ಡು ಗಿಟಾರಿನ ಮರದಲ್ಲಿ, ತಂತಿ ಬಿಗಿಯುವ ಕೀಲಿಗಳಲ್ಲಿ ಕಡಿತ ಆಗಿರುತ್ತದೆ. ಸ್ಟೇಜ್ ಹತ್ತುವ ದಿನ ಬಂದಾಗ ಪಿಕಪ್ ಬೇರೆಯಾಗಿ ಹಾಕಿಸಬಹುದು.

ಮೇಲಿನ ಹಲಗೆ ಪ್ಲೈ ಆಗಿದ್ದರೆ ಬೇಸರ ಬೇಡ. ಒಂದೇ ಮರದ ಹಲಗೆಯ ನಾದ ಚೆಂದ, ನಿಜ. ಆದರೆ ಸಕಲೇಶಪುರದ ಕಡೆ ಮಳೆಗಾಲ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ತೇವಕ್ಕೆ ಒಂಟಿ ಹಲಗೆ ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಪ್ಲೈ ಅಷ್ಟು ಅಲುಗಾಡುವುದಿಲ್ಲ. ನಿಮ್ಮ ಬಜೆಟ್ಟಿನ ಗಿಟಾರುಗಳು ಹೆಚ್ಚಿನವು ಪ್ಲೈನವೇ. ಬ್ಯಾಗಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿ ಒರೆಸಿ. ಇಲ್ಲದಿದ್ದರೆ ಬೇಗ ತುಕ್ಕು ಹಿಡಿಯುತ್ತದೆ. ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ, ಬಿಸಿಗೆ ಅಂಟು ಸಡಿಲವಾಗುತ್ತದೆ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ನಾನಾದರೆ ಅದನ್ನೇ ಮೊದಲು ನೋಡುತ್ತೇನೆ. ಬೆಂಗಳೂರಿನಲ್ಲಿ ಆಸೆಪಟ್ಟು ತಗೊಂಡು ಮೂಲೆಗಿಟ್ಟವರು ಬೇಕಾದಷ್ಟು ಜನ. 10,000ದ ಗಿಟಾರ್ ಆರು ಸಾವಿರಕ್ಕೆ ಸಿಕ್ಕರೂ ಸಿಗಬಹುದು. ಕಾರ್ಡ್ ಪರೀಕ್ಷೆಯ ಜೊತೆ ಬ್ರಿಡ್ಜ್‌ನ ಹಿಂಬದಿ ಅಂಚಿಗೆ ಒಂದು ಕಾಗದ ತೂರಿಸಿ ನೋಡಿ. ಕಾಗದ ಒಳಗೆ ಹೋದರೆ ಬ್ರಿಡ್ಜ್ ಏಳುತ್ತಿದೆ ಅಂತ, ಬಿಟ್ಟುಬಿಡಿ. ನೆಕ್ ಮೈಗೆ ಸೇರುವ ಜಾಗದಲ್ಲಿ ಬಿರುಕಿದ್ದರೂ ಬೇಡ. ತುಕ್ಕು ಹಿಡಿದ ತಂತಿ, ಗೀರು, ಮಾಸಿದ ಬಣ್ಣ ಇವೆಲ್ಲ ಚೌಕಾಸಿಗೆ ಅನುಕೂಲ.

ಒಟ್ಟು ಹತ್ತು ಸಾವಿರವನ್ನೂ ಗಿಟಾರಿಗೇ ಸುರಿಯಬೇಡಿ. ಒಂದೂವರೆ ಸಾವಿರ ಪಕ್ಕಕ್ಕಿಡಿ, ಸೆಟಪ್ (ತಂತಿಯ ಎತ್ತರ ಸರಿಮಾಡಿಸುವ ಕೆಲಸ), ಒಂದು ಸೆಟ್ ತಂತಿ ಮತ್ತು ಕ್ಯಾಪೊಗೆ ಬೇಕು. ಸೆಟಪ್ ಮಾತನ್ನು ದುಡ್ಡು ಕೊಡುವ ಮುಂಚೆಯೇ ಆಡಿ. "ತಂತಿ ಇಳಿಸಿಕೊಟ್ಟರೆ ಇವತ್ತೇ ತಗೊಳ್ತೀನಿ" ಅಂದರೆ ಎಷ್ಟೋ ಅಂಗಡಿಯವರು ಬೇರೆ ಹಣ ಕೇಳದೆ ಮಾಡಿಕೊಡುತ್ತಾರೆ. ಯಾವುದಾದರೂ ಒಂದು ಹಿಡಿಸಿದರೆ 12ನೇ ಫ್ರೆಟ್ ಹತ್ತಿರ ಪಕ್ಕದಿಂದ ಒಂದು ಫೋಟೊ, ಸ್ಯಾಡಲ್‌ನದ್ದು ಇನ್ನೊಂದು ತೆಗೆದು ಇಲ್ಲೇ ಕೆಳಗೆ ಹಾಕಿ. ನೋಡಿ ಹೇಳುತ್ತೇನೆ.